ನಾಗಮಂಗಲದ ಎರಡು ಹಿಡಿ ಮಣ್ಣು

ಪಾಲಹಳ್ಳಿ, ಶ್ರೀರಂಗಪಟ್ಟಣ ತಾಲ್ಲೂಕು
20-8-1939

ಮಗಳು ಇಂದ್ರಮ್ಮಂಗೆ ಅಪ್ಪ ಕೆಂಪಣ್ಣ ಯೋಳಿ ಬರೆಸಿದ್ದು.

ಇಲ್ಲಿ ನಾನು, ಎರಡು ಎಮ್ಮೆ, ಗರಡಿ ಮಟ್ಟಿ ಎಲ್ಲಾ ನೆಟ್ಟಗಿದ್ದೀವಿ. ಮಂಡಿ ನೋಯ್ತದೆ. ನೋಯ್ಲಿ ಬುಡು, ಅರವತ್ತೆರಡು ಜೋಡಿ ಕುಸ್ತಿ ಹಿಡಿದ ಮಂಡಿ ಅದು. ಕಾಗದ ಬರೀತಿರೋನು ನಮ್ಮೂರ ಇಸ್ಕೂಲು ಮೇಷ್ಟ್ರು ಚಲುವರಾಜು. ಬಾಯಲ್ಲಿ ಬಂದಂಗೇ ಬರಿಯಪ್ಪಾ, ನಿನ್ನ ವ್ಯಾಕರಣ ಇಸ್ಕೂಲಲ್ಲೇ ಮಡಗು ಅಂದಿದ್ದೀನಿ.

ಇಷಯ ಏನಂದ್ರೆ, ಹೋದ ತಿಂಗಳಿಂದ ನಾವು ಮೈಸೂರು ಜಿಲ್ಲೆಯೋರಲ್ಲ, ಮಂಡ್ಯ ಜಿಲ್ಲೆಯೋರು. ಇಷ್ಟು ವರ್ಷ ಕುಸ್ತಿ ಅಂದ್ರೆ ಮೈಸೂರು, ಪೈಲ್ವಾನ ಅಂದ್ರೆ ಮೈಸೂರೋನು. ನಮ್ಮೋರು ಗೆದ್ದು ಬಂದ್ರೂ ಪಟ್ಟಣದ ಬಾಯಲ್ಲಿ ಹಳ್ಳಿ ಗಮಾರನೇ. ಈಗ ಹಿರೋಡೆ ಗರಡಿಯ ಯಜಮಾನ ಶಿವಲಿಂಗಯ್ಯ ಒಂದು ತಲೆ ಓಡಿಸವ್ನೆ. ಶ್ರೀರಂಗಪಟ್ಟಣ, ಹಿರೋಡೆ, ಕೃಷ್ಣರಾಜಪೇಟೆ, ನಾಗಮಂಗಲ, ಈ ನಾಕು ತಾಲ್ಲೂಕಿನ ಗರಡಿಯೋರೂ ಸೇರಿ ಹೊನ್ನೆ ಮರದ್ದೊಂದು ಗದೆ ಮಾಡಿಸಿ, ಬೆಳ್ಳಿ ಕಟ್ಟು ಹಾಕಿಸಿ, ನಾಕು ತಾಲ್ಲೂಕಿಗೂ ದೊಡ್ಡ ಪೈಲ್ವಾನ ಯಾರೋ ಅವನ ಹೆಸರು ಕೆತ್ತಿಸಿ, ಅವನ ಗರಡೀಲೇ ಮಡಗೋದು. ಸಂಕ್ರಾಂತಿ ಕಳೆದ ಮೇಲೆ ಹಿರೋಡೇಲಿ ಕೂಟ. ಅಲ್ಲಿ ತೀರ್ಮಾನ.

ಈಗಲೇ ಜಗಳ ಶುರುವಾಗದೆ. ಕೃಷ್ಣರಾಜಪೇಟೆ ಕಡೆ ಶೀಳನೆರೆಯೋರು ತಮ್ಮೂರ ನಿಂಗಯ್ಯನ ಹೆಸರು ಯೋಳ್ತಾವ್ರೆ. ನೂರಿಪ್ಪತ್ತು ಗೆಲುವಂತೆ. ಹೌದು, ನೂರಿಪ್ಪತ್ತು. ಅದ್ರಾಗೆ ಎಂಬತ್ತು ಜನ ಅವನ ಮುಖ ನೋಡಿ ತಾವಾಗೇ ಮಲಗ್ದೋರು. ಇನ್ನು ನಿನ್ನ ಮಾವ ಕರಿಯಯ್ಯ. ತೊಂಬತ್ತಮೂರು ಜೋಡಿ, ಎಂಬತ್ತೈದು ಗೆಲುವು, ಎಂಟು ಸೋಲು ಅಂತ ಡಂಗುರ ಹೊಡೀತಾವ್ರಂತೆ. ನಿನ್ನ ಮಾವನ ಬಗ್ಗೆ ನಾನು ಕೆಟ್ಟದ್ದು ಆಡಾಕಿಲ್ಲ. ಸೋತೋರ ಬಗ್ಗೆ ಕೆಟ್ಟದ್ದು ಆಡಬಾರ್ದು ಅಂತ ನಮ್ಮ ಉಸ್ತಾದರು ಯೋಳವ್ರೆ.

ನನ್ನದು ನಿಂಗೇ ಗೊತ್ತಲ್ಲಮ್ಮಿ. ಅರವತ್ತೆರಡು ಜೋಡಿ. ಐವತ್ತೊಂಬತ್ತು ಗೆಲುವು, ಮೂರು ಸಮ. ಸೋಲು ಇಲ್ಲವೇ ಇಲ್ಲ. ಎರಡು ಹೆಗಲ ರೆಕ್ಕೆನೂ ಒಟ್ಟಿಗೆ ಮಣ್ಣು ಮುಟ್ಟಿದ್ರೆ ಸೋಲು, ನಂದು ಮುಟ್ಟಿಲ್ಲ. ಇದೊಂದು ಮಾತು ನಿಜವಾಗಿ ಉಳೀಲಿ ಅಂತ್ಲೇ ನಾನಿನ್ನೂ ಬದುಕಿರೋದು.

ನಿಮ್ಮಟ್ಟೀಲಿ ಏನು ಮಾತಾಡ್ಕತಾವ್ರೆ, ಬರಿ.

ಬೆನ್ನಿಗೆ ಮಣ್ಣು ಮುಟ್ಟದ ನಿಮ್ಮಪ್ಪ,
ಕೆಂಪಣ್ಣ (ಹೆಬ್ಬೆಟ್ಟು)

ಬರೆದವನ ಮಾತು: ಇಂದ್ರಮ್ಮನವರೇ, ಇಷ್ಟು ಹೇಳುವಷ್ಟರಲ್ಲಿ ನಿಮ್ಮ ತಂದೆ ಮೂರು ಸಲ ಎದ್ದು ಹೋಗಿ ಗರಡಿಯ ಕೆಂಪು ಮಣ್ಣಿನ ಮಟ್ಟಿ ನೋಡಿ ಬಂದರು. ಅಲ್ಲಿ ಈಗ ಸಾಮು ಮಾಡುವವರು ನಾಲ್ಕೇ ಜನ. ಅದನ್ನು ಬರೆಯಬೇಡ ಎಂದಿದ್ದಾರೆ. ಚಲುವರಾಜು.


ನಾಗಮಂಗಲ
6-9-1939

ಅಪ್ಪಂಗೆ ಇಂದ್ರಮ್ಮ ಮಾಡುವ ನಮಸ್ಕಾರ.

ನಿನ್ನ ಕಾಗದ ಬಂದ ದಿನ ಮಾವ ಜಗಲಿ ಮೇಲೇ ಕೂತಿದ್ರು. ಓದು ಅಂದ್ರು. ಈ ಮನೇಲಿ ಓದು ಬರೋಳು ನಾನೊಬ್ಳೇ, ಯಾರ ಕಾಗದ ಬಂದ್ರೂ ನಾನೇ ಓದಬೇಕು. ಓದಿದೆ. ಸೋತೋರ ಮಾತು ಬಂದ ಕಡೆ ನಂಗೆ ಕೆಮ್ಮು ಬಂತು, ಒಂದು ಸಾಲು ಬಿಟ್ಟೆ. ಮಾವ ನಕ್ಕು, ಬಿಟ್ಟ ಸಾಲೂ ಓದವ್ವ, ನಿಮ್ಮಪ್ಪನ ಬಾಯಿ ನಂಗೆ ನಿನಗಿಂತ ಮೊದಲಿಂದ ಗೊತ್ತು ಅಂದ್ರು.

ಆಮೇಲೆ ಅವರ ವಾದ ಶುರುವಾಯ್ತು. ಹೊಲಕ್ಕೆ ಹೊರಟಿದ್ದ ನಿನ್ನ ಅಳಿಯ ಚಿಕ್ಕಸ್ವಾಮಿ ಆ ಮಾತು ಕೇಳಿದ್ದೇ ಹಿತ್ತಲ ಬಾಗಿಲಿಂದ ಹೊರಟೋದ್ರು. ನೀರು ತರಾಕೆ ಹೋದ್ರೆ ಬಾವಿ ಹತ್ರಾನೂ ಇದೇ ಮಾತು, ರಾಗಿ ಬೀಸೋವಾಗ್ಲೂ ಇದೇ ಮಾತು. ಮಾವ ಅಂತಾರೆ, ಎಂಟು ಸಲ ಬಿದ್ದು ಎಂಟು ಸಲ ಎದ್ದು ಮತ್ತೆ ಗೆದ್ದೋನು ದೊಡ್ಡೋನೋ, ಬೀಳೋ ಭಯಕ್ಕೆ ಜೋಡಿ ಆರಿಸಿ ಆರಿಸಿ ಹಿಡಿದೋನು ದೊಡ್ಡೋನೋ. ಅವರು ಕೊಲ್ಲಾಪುರದ ಕಡೆಯಿಂದ ಬಂದವನ ಜೊತೆ ಹಿಡಿದ್ರಂತೆ. ಸೋತರಂತೆ. ಮುಂದಿನ ವರ್ಷ ಅವನನ್ನೇ ಕರೆಸಿ ಗೆದ್ದರಂತೆ. ನೀನು ಮಳವಳ್ಳಿ ದಾಟಿಲ್ಲವಂತೆ. ನಾನು ಬಾಯಿ ಮುಚ್ಕೊಂಡು ಮುದ್ದೆ ಹಿಟ್ಟು ತಿರುವ್ತಿದ್ದೆ, ಕೈಗೆ ಸಿಟ್ಟು ಬಂದು ಗಂಟಾಯ್ತು.

ಆದ್ರೆ ಎಲ್ಲಾ ಸುತ್ತಿ ಬಂದು ಒಂದೇ ಕಡೆ ನಿಲ್ತದೆ ಅಪ್ಪ. ನಾಗಮಂಗಲದ ಜೋಡಿ. ನೀನು ಗೆದ್ದೆ ಅಂತೀಯ, ಮಾವ ತಾನು ಗೆದ್ದೆ ಅಂತಾರೆ. ಅವರು ಗೆದ್ದಿದ್ರೆ ನಿನ್ನ ಬೆನ್ನು ಮಣ್ಣು ಮುಟ್ಟದೆ, ಹೆಸರು ಅವರದು. ನೀನು ಗೆದ್ದಿದ್ರೆ ಎಲ್ಲಾರಿಗಿಂತ ದೊಡ್ಡ ಪೈಲ್ವಾನನ್ನೂ ನೀನೇ ಕೆಡವಿದ್ದೀಯ, ಆಮೇಲೆ ನಿನ್ನೆದುರು ಮಾತಾಡೋರಿಲ್ಲ. ಮದುವೇಲಿ ಈ ಮಾತೇ ಎತ್ತಬಾರದು ಅಂತ ಎರಡು ಕಡೆ ಹಿರಿಯರೂ ಕಟ್ಟು ಮಾಡಿದ್ರು. ಅದಕ್ಕೇ ನಂಗೆ ಯಾರೂ ಏನೂ ಹೇಳಿಲ್ಲ. ಐದು ವರ್ಷ ಈ ಮನೆ ಅನ್ನ ಉಂಡಿದ್ದೀನಿ, ಇವರು ಸುಳ್ಳು ಹೇಳೋರಲ್ಲ. ನೀನೂ ಸುಳ್ಳು ಹೇಳೋನಲ್ಲ. ಅವತ್ತು ಏನಾಯ್ತು ಅಂತ ನಿಜ ಹೇಳು.

ಎರಡು ಗರಡಿ ನಡುವೆ ಕೂತಿರೋ ನಿನ್ನ ಮಗಳು,
ಇಂದ್ರಮ್ಮ


ಪಾಲಹಳ್ಳಿ
25-9-1939

ಇಂದ್ರಮ್ಮಿಗೆ,

ಮಳವಳ್ಳಿ ದಾಟಿಲ್ಲವಂತಾ ನಾನು? ಬೆಂಗಳೂರಲ್ಲಿ ಎರಡು ಜೋಡಿ ಹಿಡಿದು ಬಂದಿದ್ದೀನಿ ಅಂತ ಯೋಳು. ಬ್ಯಾಡ ಬುಡು, ಯೋಳಬೇಡ.

ನಿಜ ಕೇಳ್ದೆ. ಕೇಳ್ಕ. ಸಾವಿರದ ಒಂಬೈನೂರ ಹದಿನಾರು. ಕನ್ನಂಬಾಡಿ ಕಟ್ಟೆ ಕೆಲಸ ನಡೀತಿದ್ದ ಕಾಲ, ಊರೂರಿಗೂ ಕಲ್ಲು ಹೊರೋ ಜನ ಬಂದಿದ್ರು, ಕುಸ್ತಿ ಅಂದ್ರೆ ಸಾವಿರ ಜನ ಸೇರೋರು. ನಾಗಮಂಗಲದ ಪೇಟೆ ಗರಡಿ ಮಟ್ಟೀಲಿ, ನಿನ್ನ ಮಾವನ ಗರಡಿ ಅಲ್ಲ ಅದು, ನನಗೂ ಅವನಿಗೂ ಜೋಡಿ. ಜನ ಹೆಚ್ಚಾಗಿ ಗರಡಿ ಗೋಡೆ ಮೇಲೆಲ್ಲಾ ಹತ್ತಿ ಕುಂತಿದ್ರು. ಸುಣ್ಣ ಬಳಿದ ಮಣ್ಣಿನ ಗೋಡೆ.

ಒಂದು ಗಂಟೆ ಹೊತ್ತು ಹಿಡಿದೋ. ಸುಳ್ಳು ಯಾಕೆ ಯೋಳ್ಲಿ, ಅಂಥ ಪೈಲ್ವಾನನ್ನ ನಾನು ಮೊದ್ಲೂ ಮುಟ್ಟಿಲ್ಲ, ಆಮೇಕ್ಕೂ ಮುಟ್ಟಿಲ್ಲ. ಕತ್ತಿಗೆ ಕೈ ಹಾಕಿದ್ರೆ ಕಲ್ಲು ಕಂಬ. ಕೊನೇಗೆ ಅವನ ಬಲಗಾಲು ಒಂದು ಗಳಿಗೆ ಸಡಿಲಾಯ್ತು. ಎತ್ತಿದೆ, ಮಟ್ಟಿ ಮಧ್ಯಕ್ಕೇ ಹಾಕ್ದೆ, ಎರಡೂ ಹೆಗಲು ಒತ್ತಿ ಮೇಲೆ ಕುಂತೆ. ಅದೇ ಗಳಿಗೆಗೆ ದಡ್ ಅಂತ ಗೋಡೆ ಬಿತ್ತು. ಜನ, ಮಣ್ಣು, ಧೂಳು ಎಲ್ಲಾ ನಮ್ಮ ಮೇಲೇ. ಬಿಳೀ ಧೂಳು ಇಳಿದು ನೋಡಿದ್ರೆ ಇಬ್ಬರೂ ಮಂಡಿ ಮೇಲೆ ಕುಂತು ಕೆಮ್ತಾ ಇದ್ದೋ. ತೀರ್ಪು ಯೋಳೋ ಪಂಚ ಕಣ್ಣು ಉಜ್ಕೊಂಡು, ನಂಗೆ ಏನೂ ಕಾಣಲಿಲ್ಲ ಕಣ್ರಪ್ಪಾ ಅಂದ್ಬುಟ್ಟ.

ನಮ್ಮೋರು ನನ್ನ ಹೆಗಲ ಮೇಲೆ ಎತ್ಕೊಂಡ್ರು, ಅವರೋರು ಅವನ್ನ. ಗೆದ್ದೋನು ಗೆದ್ದ ಮಟ್ಟಿಯಿಂದ ಒಂದು ಹಿಡಿ ಮಣ್ಣು ತಂದು ತನ್ನ ಗರಡಿ ಮಟ್ಟಿಗೆ ಬೆರೆಸಬೇಕು. ನಾನೂ ಒಂದು ಹಿಡಿ ತಗೊಂಡೆ, ಅವನೂ ತಗೊಂಡ. ಎರಡು ಊರಲ್ಲೂ ತಮಟೆ ಹೊಡೆದ್ರು. ನಾನು ಮಾರನೇ ದಿನವೇ ಬೆರೆಸಿದೆ.

ಇನ್ನೊಂದು ನಿಂಗೆ ಗೊತ್ತೋ ಇಲ್ವೋ. ಜೋಡಿ ಹಿಡಿದ ಮೈ ಮಣ್ಣನ್ನ ಹೊಳೇಲೋ ಕೆರೇಲೋ ತೊಳೀಬಾರದು. ಮನೇಗೇ ಬಂದು, ಮನೆ ಹೆಂಗಸೇ ತೊಳೀಬೇಕು. ಅಂಗೇ ಗಾಡಿ ಹತ್ತಿ ಬಂದೆ. ನಿಮ್ಮವ್ವ ತಿಮ್ಮಮ್ಮ ಆಗ ಏಳು ತಿಂಗಳ ಬಸುರಿ, ನೀನು ಹೊಟ್ಟೇಲಿ. ಬೆನ್ನು ತಿಕ್ತಾ ತಿಕ್ತಾ ಅಂದ್ಲು, ಎಲ್ಲಾ ಬರೀ ಗೋಡೆ ಧೂಳು, ಮಟ್ಟಿ ಕೆಂಪು ಒಂದು ಚೂರೂ ಇಲ್ವಲ್ಲಾ ಅಂತ. ಅವಳು ಇದ್ದಿದ್ರೆ ಹಿರೋಡೆಗೆ ಕರ್ಕೊಂಡೋಗಿ ನಿಲ್ಲಿಸ್ತಿದ್ದೆ. ನಿಲ್ಲಿಸಿದ್ರೂ ಹೆಂಗಸಿನ ಮಾತು ಗರಡೀಲಿ ಯಾರು ಕೇಳ್ತಾರೆ, ಅದೂ ಒಂದು ಐತೆ.

ನಿಮ್ಮಪ್ಪ,
ಕೆಂಪಣ್ಣ (ಹೆಬ್ಬೆಟ್ಟು)

ಬರೆದವನ ಮಾತು: ನಿಮ್ಮ ತಾಯಿಯವರ ಮಾತು ಬಂದ ಮೇಲೆ ನಿಮ್ಮ ತಂದೆ ಎದ್ದು ಎಮ್ಮೆಗಳಿಗೆ ಹುಲ್ಲು ಹಾಕಲು ಹೋದರು. ಕಾಗದ ಇಷ್ಟಕ್ಕೇ ನಿಂತಿತು. ಚ.


ನಾಗಮಂಗಲ
9-11-1939

ಅಪ್ಪ,

ಈ ಕಾಗದವನ್ನ ಚಲುವರಾಜು ಮೇಷ್ಟ್ರು ಮೆಲ್ಲಗೆ, ನಿನ್ನ ಕಿವಿಗೆ ಮಾತ್ರ ಓದಲಿ.

ದೀಪಾವಳಿಗೆ ಮನೆ ಬಳಿಯೋಣ ಅಂತ ನಿನ್ನೆ ಅಟ್ಟ ಹತ್ತಿದ್ದೆ. ತೊಲೆಗೆ ಒಂದು ಬಟ್ಟೆ ಗಂಟು ನೇತಾಕಿತ್ತು. ಹೊಗೆ ಹಿಡಿದು ಕಪ್ಪಾಗಿತ್ತು. ಬೀಜದ ಗಂಟು ಅಂತ ಮುಟ್ಟಿದೆ, ಭಾರ. ಬಿಚ್ಚಿದ್ರೆ ಕೆಂಪು ಮಣ್ಣು, ಎಣ್ಣೆ ಮಜ್ಜಿಗೆ ಅರಿಶಿನ ಹಾಕಿ ತುಳಿದ ಮಟ್ಟಿ ಮಣ್ಣು. ನಿನ್ನ ಮಗಳಲ್ವಾ, ವಾಸನೆಗೇ ಗೊತ್ತಾಯ್ತು.

ಮಾವ ಗೆದ್ದ ಎಂಬತ್ನಾಕು ಮಣ್ಣೂ ಅವರ ಗರಡಿ ಮಟ್ಟಿ ಸೇರವೆ. ಇದೊಂದು ಯಾಕೆ ಸೇರಿಲ್ಲ? ಕೆಳಗಿಳಿದು ಅತ್ತೇನ ಕೇಳ್ದೆ. ಅತ್ತೆ ಚಿಕ್ಕಬೋರಮ್ಮ ಎಂಥೋರು ಅಂತ ನಿಂಗೆ ಗೊತ್ತು, ದಿನಕ್ಕೆ ಹತ್ತು ಮಾತಾಡಿದ್ರೆ ಹೆಚ್ಚು. ಗಂಟು ನೋಡಿದ್ದೇ ಸುಣ್ಣದ ಕುಂಚ ಕೆಳಗಿಟ್ರು. ಬಾಗಿಲು ಮುಂದಕ್ಕೆ ಮಾಡಿ ಬಾ ಅಂದ್ರು.

ಅವತ್ತು ಸಂಜೆ ಮಾವನ ಬೆನ್ನು ತೊಳೆದೋರು ಅತ್ತೇನೇ. ಮೇಲೆಲ್ಲಾ ಗೋಡೆಯ ಬಿಳೀ ಧೂಳು. ಅದು ಒಂದು ಚೊಂಬು ನೀರಿಗೇ ಹೋಯ್ತಂತೆ. ಒಳಗೆ ಕೆಂಪು ಮಣ್ಣು, ಅಪ್ಪಚ್ಚಿ ಒತ್ತಿದ ಹಂಗೆ, ಎರಡು ರೆಕ್ಕೆ ಮೇಲೂ. ಅದ್ರಾಗೆ ಅಕ್ಷತೆ ಕಾಳು. ಜೋಡಿ ಬಿಡೋಕೆ ಮುಂಚೆ ಮಟ್ಟಿ ಪೂಜೆ ಮಾಡಿ ಮಧ್ಯಕ್ಕೆ ಹಾಕ್ತಾರಲ್ಲ, ಆ ಅಕ್ಷತೆ. ಚರ್ಮಕ್ಕೆ ಹೂತು ಕೂತಿದ್ವಂತೆ, ಉಗುರಲ್ಲಿ ಒಂದೊಂದೇ ತೆಗೆದ್ರಂತೆ. ಮಾವ ಹಿಂದೆ ತಿರುಗಲಿಲ್ಲ, ಇವರೂ ಏನೂ ಅನ್ನಲಿಲ್ಲ. ಹೊರಗೆ ತಮಟೆ ಹೊಡೀತಿದ್ರು. ಆಮೇಲೆ ಗಂಟು ಗರಡಿಗೆ ಹೋಗಲಿಲ್ಲ, ಅಟ್ಟಕ್ಕೆ ಹೋಯ್ತು. ನಾಳೆ ಬೆರೆಸ್ತೀನಿ ಅಂತ ಮಾವ ಒಂದು ಸಲ ಅಂದ್ರಂತೆ.

ನೀನು ಗೆದ್ದಿದ್ದೀಯ ಅಪ್ಪ. ನನ್ನ ಕಣ್ಣಿಗೆ ನೀರು ಬಂತು, ಸಂತೋಷಕ್ಕೆ. ಅತ್ತೆ ಮುಂದೆ ತೋರಿಸ್ಕೋಬಾರದು ಅಂತ ಸುಣ್ಣ ಸಿಡೀತು ಅಂದೆ. ಅವ್ವ ಬದುಕಿಲ್ಲ ಅಂತ ನೀನು ಅಂದ್ಯಲ್ಲ, ಸಾಕ್ಷಿ ಬದುಕೈತೆ. ಇದೇ ಮನೇಲೈತೆ. ಅತ್ತೆ ನಂಗೆ ಬರೀಬೇಡ ಅಂತ ಹೇಳಲಿಲ್ಲ. ಬರಿ ಅಂತಾನೂ ಹೇಳಲಿಲ್ಲ. ಈಗ ಏನು ಮಾಡ್ತೀಯ ನೋಡು.

ನಿನ್ನ ಗೆಲುವನ್ನ ಅಟ್ಟದ ಮೇಲೆ ಕಂಡ,
ಇಂದ್ರಮ್ಮ


ಪಾಲಹಳ್ಳಿ
24-11-1939

ಇಂದ್ರಮ್ಮಿಗೆ,

ನಿನ್ನ ಕಾಗದಾನ ಮೇಷ್ಟ್ರು ಎರಡು ಸಲ ಓದಿದ. ಮೂರನೇ ಸಲ ಓದು ಅಂತ ಬಾಯಿಗೆ ಬಂತು, ಬುಟ್ಟೆ. ಒಲೆಗೆ ಹಾಕಿಸ್ದೆ. ನನ್ನ ಕಣ್ಣೆದುರಿಗೇ ಸುಟ್ಟೋಯ್ತು.

ಕೇಳಮ್ಮಿ. ಇಪ್ಪತ್ಮೂರು ವರ್ಷದಿಂದ ನಾನು ಗೆದ್ದೆ ಗೆದ್ದೆ ಅಂತ ಬಡ್ಕೊಂಡಿದ್ದೀನಿ. ಕೆಲವು ದಿನ ನಂಗೇ ಅನುಮಾನ. ಧೂಳು ಇತ್ತು, ನಾನು ಅಂದ್ಕೊಂಡಿದ್ದೇ ಸುಳ್ಳಿರಬೋದಾ ಅಂತ. ಇದನ್ನ ಯಾರ ಹತ್ರಾನೂ ಆಡಿಲ್ಲ, ನಿಮ್ಮವ್ವನ ಹತ್ರಾನೂ. ಅವೊತ್ತು ನೀನು ಬರೆದದ್ದು ಕೇಳಿ ಎದೆ ಮೇಲಿಂದ ಒಬ್ಬ ಪೈಲ್ವಾನ ಎದ್ದೋದಂಗಾಯ್ತು.

ಅಷ್ಟು ಸಾಕು ನಂಗೆ. ಹಿರೋಡೇಲಿ ನಾನಿದನ್ನ ಯೋಳಾಕಿಲ್ಲ. ನಿನ್ನ ಅತ್ತೆ ಒಬ್ಬ ಗಂಡಸಿನ ಬೆನ್ನು ತೊಳೆದು, ಅದರ ಮೇಲೆ ಕಂಡದ್ದನ್ನ ಇಪ್ಪತ್ಮೂರು ವರ್ಷ ಬಾಯಲ್ಲಿ ಇಟ್ಕೊಂಡವ್ಳೆ. ಆ ಮಾತನ್ನ ಎಳೆದು ತಂದು ಸಾವಿರ ಜನದ ಮುಂದೆ ಹಾಕಿ, ಅದರ ಮೇಲೆ ನಿಂತು ಗದೆ ಈಸ್ಕೊಂಡ್ರೆ ನಾನು ಪೈಲ್ವಾನನಾ? ಬಿದ್ದೋನ ಕಾಲು ಹಿಡಿದು ಎಳೆಯೋದು ಪಟ್ಟಲ್ಲ. ನೀನೂ ಆ ಮನೇಲಿ ಬಾಳಬೇಕು. ಗಂಟನ್ನ ಎಲ್ಲಿತ್ತೋ ಅಲ್ಲೇ ಕಟ್ಟು, ಬಾಯಿ ಬುಡಬೇಡ.

ಕೂಟದಲ್ಲಿ ಕೇಳಿದ್ರೆ ಸಮ ಅಂತೀನಿ. ಸಮ ಅಂದ್ರೆ ಗೆಲುವಿನ ಲೆಕ್ಕದಾಗೆ ಅವನೇ ಮುಂದೆ, ಗದೆ ನಾಗಮಂಗಲಕ್ಕೆ ಓಗ್ತದೆ. ಓಗ್ಲಿ.

ನಿಮ್ಮಪ್ಪ,
ಕೆಂಪಣ್ಣ (ಹೆಬ್ಬೆಟ್ಟು)

ಬರೆದವನ ಮಾತು: "ಓಗ್ಲಿ" ಎಂದು ಹೇಳಿದ್ದನ್ನು ಬರೆದಿದ್ದೇನೆ. ಹೇಳುವಾಗ ಮುಖ ಆ ಕಡೆ ತಿರುಗಿಸಿದ್ದರು. ಆಮೇಲೆ ಮಂಡಿ ನೋವಿದ್ದರೂ ಮಟ್ಟಿಗಿಳಿದು, ನಲವತ್ತು ಬಸ್ಕಿ ಹೊಡೆದರು. ಚ.


ನಾಗಮಂಗಲ
28-12-1939

ಅಪ್ಪ,

ಒಂದು ತಿಂಗಳು ಬರೀಲಿಲ್ಲ. ಸಿಟ್ಟು ಬಂದಿತ್ತು. ನಿನ್ನ ಮೇಲೆ.

ನಿನ್ನ ಕಾಗದ ಬಂದಾಗ ಮಾವ ಮನೇಲಿರಲಿಲ್ಲ. ಗಂಟು ಇದ್ದಲ್ಲೇ ಕಟ್ಟಿದ್ದೀನಿ. ನೀನು ಹೇಳಿದ್ದನ್ನ ಅತ್ತೆಗೆ ಹೇಳಿದೆ, ನೀನು ಕಾಗದ ಸುಟ್ಟದ್ದೂ ಹೇಳಿದೆ, ಸಮ ಅಂತೀಯ ಅನ್ನೋದೂ ಹೇಳಿದೆ. ಅವರು ಕೇಳಿ ಎದ್ದು ಕೊಟ್ಟಿಗೆಗೆ ಹೋದ್ರು. ಅವತ್ತು ಹಾಲು ಕರೆಯೋದು ಬಹಳ ಹೊತ್ತು ಹಿಡೀತು.

ಇಲ್ಲಿ ಮಾವನ ಕಡೆಯೋರು ಈಗಲೇ ಗದೆ ನಿಲ್ಲಿಸೋಕೆ ಕಲ್ಲು ಕೆತ್ತಿಸ್ತಾವ್ರೆ. ಮಾವ ಮಾತ್ರ ಕಲ್ಲು ನೋಡೋಕೆ ಹೋಗಿಲ್ಲ.

ಇಂದ್ರಮ್ಮ


ಪಾಲಹಳ್ಳಿ
18-1-1940

ಇಂದ್ರಮ್ಮಿ, ಏನು ಮಾಡ್ದೆ ನೀನು?

ಇರು, ಮೊದ್ಲಿಂದ ಯೋಳ್ತೀನಿ. ಮೇಷ್ಟ್ರೇ, ನಿಧಾನಕ್ಕೆ ಬರಿಯಪ್ಪ, ಇವತ್ತು ಒಂದು ಮಾತೂ ಬುಡಬಾರ್ದು.

ಮೊನ್ನೆ ಹದಿನಾರನೇ ತಾರೀಕು ಹಿರೋಡೆ ಗರಡೀಲಿ ಕಾಲಿಡಾಕೆ ಜಾಗ ಇರಲಿಲ್ಲ. ಗದೇನ ಮಟ್ಟಿ ಪಕ್ಕ ಮಣೆ ಮೇಲೆ ನಿಲ್ಲಿಸಿದ್ರು. ನೋಡಬಾರ್ದು ಅಂದ್ಕೊಂಡೇ ನೋಡ್ದೆ. ಮೊದ್ಲು ಶೀಳನೆರೆಯೋರು ಎದ್ದು ನಿಂಗಯ್ಯನ ನೂರಿಪ್ಪತ್ತು ಗೆಲುವು ಯೋಳಿದ್ರು. ಶಿವಲಿಂಗಯ್ಯ ತಣ್ಣಗೆ, ಸೋತೋರ ಹೆಸರು ಯೋಳ್ರಪ್ಪಾ ಅಂದ. ನಲವತ್ತಕ್ಕೆ ನಿಂತೋಯ್ತು. ನಲವತ್ತೊಂದನೇದು ಅವನ ಭಾವಮೈದನ ಹೆಸರು. ಜನ ನಕ್ಕು ನಕ್ಕು ಸಾಕಾದ್ರು.

ಉಳಿದೋರು ಇಬ್ರು, ನಾನು, ನಿನ್ನ ಮಾವ. ಎರಡು ಗಂಟೆ ಹೊತ್ತು ಜನ ಕಿತ್ತಾಡಿದ್ರು. ಸೋಲದೇ ಇರೋದು ದೊಡ್ಡದು ಅಂತ ಈ ಕಡೆ, ಹೆಚ್ಚು ಗೆದ್ದದ್ದು ದೊಡ್ಡದು ಅಂತ ಆ ಕಡೆ. ನಮ್ಮೂರ ಕುಳ್ಳಯ್ಯ ಅವರ ಕಡೆ ಒಬ್ಬನ ರುಮಾಲು ಕಿತ್ತಾಕ್ದ. ಕೊನೇಗೆ ಶಿವಲಿಂಗಯ್ಯ ಕೈ ಎತ್ತಿ, ಎಲ್ಲಾ ನಾಗಮಂಗಲದ ಜೋಡಿ ಮೇಲೇ ನಿಂತದೆ, ಕೆಂಪಣ್ಣ ನೀನೇ ಯೋಳು, ಅವೊತ್ತು ಏನಾಯ್ತು ಅಂದ.

ಎದ್ದೆ. ಸಾವಿರ ಕಣ್ಣು. ಪಂಚ ಕಾಣಲಿಲ್ಲ ಅಂದ, ಸಮ ಅಂತ ಬರಕೊಳ್ಳಿ ಅಂದೆ. ನಮ್ಮೂರೋರೆಲ್ಲಾ ನನ್ನ ಹುಚ್ಚನ್ನ ನೋಡ್ದಂಗೆ ನೋಡಿದ್ರು. ನಾಗಮಂಗಲದೋರು ಕೇಕೆ ಹಾಕಿದ್ರು. ನಾನು ಕುಂತು ತಲೆ ಬಗ್ಗಿಸ್ದೆ.

ಕೇಕೆ ನಿಂತೋಯ್ತು. ತಲೆ ಎತ್ತಿ ನೋಡ್ತೀನಿ, ನಿನ್ನ ಮಾವ ಎದ್ದವ್ನೆ. ರುಮಾಲು ಬಿಚ್ಚಿ ಮಡಗ್ದ. ಕೋಟು ತೆಗೆದ. ಅಂಗಿ ತೆಗೆದ. ಪಂಚೆ ಎತ್ತಿ ಕಟ್ಟಿ ಮಟ್ಟಿಗಿಳಿದ. ಅರವತ್ತು ವರ್ಷದ ಮುದುಕ, ಎದೆ ಮೇಲೆ ಬಿಳೀ ಕೂದಲು. ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡ. ಜೋಡಿ ಕೇಳ್ತಾನೇನೋ ಅಂತ ನಾನೂ ಎದ್ದೆ. ಅವನು ಮಟ್ಟಿ ಮಧ್ಯಕ್ಕೆ ಓಗಿ ಅಂಗಾತ ಮಲಗ್ಬುಟ್ಟ.

"ನೋಡ್ಕಳ್ರಪ್ಪಾ," ಅಂದ. "ಕೆಂಪಣ್ಣ ನನ್ನ ಹಾಕಿದ್ದು ಇಂಗೆ. ಎರಡು ರೆಕ್ಕೆನೂ."

ನಾನು ಓಗಿ ಕೈ ಕೊಟ್ಟೆ. ಹಿಡಿದು ಎದ್ದ. ಬೆನ್ನ ತುಂಬಾ ಹಿರೋಡೆ ಮಣ್ಣು. ನನ್ನ ಬಲಗೈ ಹಿಡಿದು ಮೇಲಕ್ಕೆ ಎತ್ತಿದ. ಆಮೇಲೆ ಏನಾಯ್ತು ಅಂತ ನಂಗೂ ಸರಿಯಾಗಿ ಗೊತ್ತಿಲ್ಲ ಕಣಮ್ಮಿ. ತಮಟೆ, ಕೂಗು, ಯಾರೋ ನನ್ನ ಎತ್ಕೊಂಡ್ರು. ಹೆಗಲು ಕೊಟ್ಟಿರೋರು ನಮ್ಮೋರು ಅಂದ್ಕೊಂಡಿದ್ದೆ, ಬಗ್ಗಿ ನೋಡಿದ್ರೆ ಒಂದು ಕಡೆ ನಿನ್ನ ಗಂಡ ಚಿಕ್ಕಸ್ವಾಮಿ. ಹಿರೋಡೆ ಪೇಟೆ ಬೀದಿ ಪೂರಾ ಸುತ್ತಿಸಿದ್ರು. ಗದೆ ನನ್ನ ತೊಡೆ ಮೇಲಿತ್ತು. ನಿಮ್ಮವ್ವ ಇರಬೇಕಿತ್ತು.

ಈಗ ಯೋಳು. ಅವನಿಗೆ ಯಾರು ಯೋಳಿದ್ದು? ಬಾಯಿ ಬುಡಬೇಡ ಅಂದಿರಲಿಲ್ವಾ ನಾನು?

ನಾಕು ತಾಲ್ಲೂಕಿಗೂ ದೊಡ್ಡ ಪೈಲ್ವಾನ,
ನಿಮ್ಮಪ್ಪ ಕೆಂಪಣ್ಣ (ಹೆಬ್ಬೆಟ್ಟು)


ನಾಗಮಂಗಲ
29-1-1940

ಅಪ್ಪಂಗೆ ಇಂದ್ರಮ್ಮನ ಸಾವಿರ ನಮಸ್ಕಾರ.

ಕಾಗದ ಓದೋವಾಗ ಈ ಸಲ ಒಂದು ಸಾಲೂ ಬಿಡಲಿಲ್ಲ. ಮಾವ ಎದುರಿಗೇ ಕೂತು ಕೇಳಿದ್ರು. ಹೆಂಗೆ ಕುಣಿದೆ ಅಂತ ಹೇಳಲಾರೆ, ಸೊಸೆ ಕುಣೀಬಾರದು.

ನಾನು ಬಾಯಿ ಬಿಡಲಿಲ್ಲ. ಸಂಕ್ರಾಂತಿ ಹಬ್ಬದ ದಿನ ಮಾವಂಗೆ ಎಣ್ಣೆ ಸ್ನಾನ. ಅತ್ತೆ ಸೀಗೆಪುಡಿ ಹಾಕಿ ಬೆನ್ನು ತಿಕ್ತಿದ್ರು, ನಾನು ಹಂಡೆಯಿಂದ ಬಿಸಿನೀರು ತೋಡಿ ಬಾಗಿಲಿಗೆ ಇಡ್ತಿದ್ದೆ. ಅತ್ತೆ ಕೈ ನಿಂತೋಯ್ತು. ಒಂದು ರೆಕ್ಕೆ ಮೇಲೆ ಬೆರಳಿಟ್ಟು ಅಂದ್ರು, "ಈ ಅಕ್ಷತೆ ಇಪ್ಪತ್ಮೂರು ವರ್ಷದಿಂದ ಉಜ್ತಿದ್ದೀನಿ. ಓಗ್ತಾನೇ ಇಲ್ಲ."

ಮಾವ ತಿರುಗಲಿಲ್ಲ. ಆಮೇಲೆ ಯಾರ್ಯಾರಿಗೆ ಗೊತ್ತು ಅಂತ ಕೇಳಿದ್ರು. ನಂಗೆ, ನಿಮ್ಮ ಸೊಸೆಗೆ, ಪಾಲಹಳ್ಳಿ ಕೆಂಪಣ್ಣಂಗೆ ಅಂದ್ರು ಅತ್ತೆ. ಅವನಿಗೆ ದೀಪಾವಳಿಯಿಂದ ಗೊತ್ತು, ಕಾಗದ ಸುಟ್ಟವ್ನೆ, ಸಮ ಅಂತಾನಂತೆ ಅಂದ್ರು. ಅಷ್ಟೇ ಮಾತು. ಉಳಿದ ಬೆನ್ನನ್ನೂ ತಿಕ್ಕಿ ನೀರು ಹುಯ್ದು ಬಂದ್ರು.

ಮಾವ ಹಿರೋಡೆಯಿಂದ ಬಂದಾಗ ಮೈಯೆಲ್ಲಾ ಆ ಮಣ್ಣೇ. ಎಲ್ಲೂ ತೊಳೀದೆ ಮೋಟಾರಲ್ಲಿ ಹಂಗೇ ಬಂದಿದ್ರು. ಅತ್ತೆ ಏನೂ ಕೇಳದೆ ಮತ್ತೆ ಹಂಡೆಗೆ ಉರಿ ಹಾಕಿದ್ರು. ಆಮೇಲೆ ಒಳಗಿಂದ ಇಬ್ಬರೂ ನಗೋದು ಕೇಳಿಸ್ತು. ಈ ಮನೇಗೆ ಬಂದ ಮೇಲೆ ಅತ್ತೆ ನಕ್ಕಿದ್ದು ನಾನು ಅವತ್ತೇ ಕೇಳಿದ್ದು.

ಈಗ ಮಾವ ನಿಂಗೆ ಕಾಗದ ಬರೆಸ್ತಾರಂತೆ. ಪಕ್ಕದಲ್ಲೇ ಕೂತವ್ರೆ. ಅವರು ಹೇಳಿದಂಗೇ ಬರೀತಿದ್ದೀನಿ, ಬೈಗುಳಕ್ಕೆ ನಾನು ಹೊಣೆಯಲ್ಲ.

ಲೇ ಕೆಂಪಣ್ಣ, ಕರಿಯಯ್ಯ ಯೋಳೋದು ಕೇಳ್ಲಾ. ಗದೆ ತಗೊಂಡೆ ಅಂತ ಮೆರೀಬೇಡ ಕಣ್ಲಾ. ಲೆಕ್ಕ ನೋಡ್ಕ, ನಂದು ಈಗ ಎಂಬತ್ನಾಕು ಗೆಲುವು, ಒಂಬತ್ತು ಸೋಲು. ನಿಂದು ಐವತ್ತೊಂಬತ್ತು. ಈಗಲೂ ನಿನಗಿಂತ ಇಪ್ಪತ್ತೈದು ಜಾಸ್ತಿನೇ ಗೆದ್ದಿದ್ದೀನಿ. ಆದ್ರೆ ಒಂಬತ್ತು ಸೋಲ್ನಾಗೆ ಎಂಟನ್ನ ಮಾರನೇ ದಿನವೇ ಮರೆತೆ, ನೀನು ಹಾಕಿದ್ದನ್ನ ಮಾತ್ರ ಒಂದು ದಿನವೂ ಮರೀಲಿಲ್ಲ. ಮಟ್ಟೀಲಿ ನೀನು ಗೆದ್ದೆ. ಕಾಗದ ಸುಟ್ಟೂ ಗೆದ್ದೆ. ನನ್ನ ಕೈಲಿ ಎರಡು ಸಲ ಸೋಲಾಕೆ ಆಗಾಕಿಲ್ಲ, ಅದ್ಕೆ ಎದ್ದು ಮಲಗ್ದೆ. ಚಿಕ್ಕಸ್ವಾಮಿ ಕೈಲಿ ಗಂಟು ಕಳಿಸಿದ್ದೀನಿ. ನಿಂದೇ ಮಣ್ಣು. ಬೆರೆಸ್ಕ. ನಿನ್ನ ಮಂಡಿಗೆ ಎಕ್ಕದ ಎಲೆ ಬಿಸಿ ಮಾಡಿ ಕಟ್ಟು, ಮುಲಾಮು ಗಿಲಾಮು ಹಚ್ಚಬೇಡ. ಕರಿಯಯ್ಯ, ಹೆಬ್ಬೆಟ್ಟು.

ಇಷ್ಟೇ ಅಪ್ಪ. ಹೆಬ್ಬೆಟ್ಟು ಒತ್ತೋವಾಗ ಕಾಗದದ ಮೇಲೆ ಒಂದು ಹನಿ ಬಿತ್ತು. ಅದು ಮಸಿಯಲ್ಲ.

ಗೆದ್ದೋನ ಮಗಳು, ಎದ್ದೋನ ಸೊಸೆ,
ಇಂದ್ರಮ್ಮ


ಪಾಲಹಳ್ಳಿ
12-2-1940

ಇಂದ್ರಮ್ಮಿಗೂ, ಬೀಗರು ಕರಿಯಯ್ಯಂಗೂ, ಬೀಗಿತಿ ಚಿಕ್ಕಬೋರಮ್ಮಂಗೂ ಕೆಂಪಣ್ಣ ಬರೆಸಿದ್ದು. ಜಗಲಿ ಮೇಲೆ ಕುಂತು ಎಲ್ಲಾರಿಗೂ ಕೇಳೋಂಗೆ ಓದು.

ಗಂಟು ಬಂತು. ಅಳಿಯ ಎರಡು ದಿನ ಇದ್ದು ಊರಿಗೋದ. ಗದೆ ನಮ್ಮ ಗರಡೀಲಿ ನಿಂತದೆ. ಬೆಳ್ಳಿ ಕಟ್ಟಿನ ಮೇಲೆ ಕೆಂಪಣ್ಣ ಅಂತ ಕೆತ್ತಿದ್ದಾರಂತೆ, ಓದಾಕೆ ಬರ್ದೇ ಇದ್ರೂ ಬೆರಳಲ್ಲಿ ಸವರಿ ನೋಡ್ದೆ. ಕೆತ್ತೋ ಆಸಾಮಿ ಪಕ್ಕದಲ್ಲೇ ಬೀಗರ ಹೆಸರೂ ಹಾಕ್ಲಾ ಅಂದ. ಬ್ಯಾಡ ಅಂದೆ. ಗೆದ್ದೋನು ಒಬ್ಬನೇ ಕಣಪ್ಪಾ. ಸಾಮು ಮಾಡಾಕೆ ಈಗ ದಿನಾ ಬೆಳಿಗ್ಗೆ ಮೂವತ್ತು ಜನ ಬತ್ತಾವ್ರೆ. ಮಟ್ಟಿ ಸಾಲದು, ಅಗಲ ಮಾಡಿಸ್ತಾ ಇದ್ದೀನಿ. ಎಕ್ಕದ ಎಲೆ ಕಟ್ಟಿದೆ. ವಸಿ ವಾಸಿ.

ಮಣ್ಣನ್ನ ಇನ್ನೂ ಬೆರೆಸಿಲ್ಲ. ಇವರೆಲ್ಲಾ ಇವೊತ್ತು ನಾಳೆ ಅಂತ ತಮಟೆಯೋರಿಗೆ ಯೋಳಿ ಬಂದಿದ್ರು. ನಾನು ನಿಲ್ಲಿಸ್ದೆ. ಈ ಒಂದು ಹಿಡಿ ಮಣ್ಣನ್ನ ಚಿಕ್ಕಬೋರಮ್ಮ ಸುರೀಬೇಕು, ಪಕ್ಕದಲ್ಲಿ ತಿಮ್ಮಮ್ಮನ ಮಗಳು ನಿಂತಿರಬೇಕು ಅಂದೆ. ಗರಡಿ ಒಳಕ್ಕೆ ಹೆಂಗಸ್ರಾ ಅಂತ ಒಂದು ದೊಡ್ಡ ಪಂಚಾಯ್ತಿನೇ ಆಯ್ತು. ಕುಳ್ಳಯ್ಯ ಊಟ ಬುಟ್ಟು ಬಂದು ಕಿತ್ತಾಡಿದ. ಅವೊತ್ತು ಸಾವಿರ ಜನ ಗಂಡಸ್ರು ಕಣ್ಣು ಬುಟ್ಕೊಂಡು ಕುಂತಿದ್ರಿ, ಒಬ್ಬನಿಗೂ ಕಾಣಲಿಲ್ಲ. ಇಬ್ರು ಹೆಂಗಸ್ರು ಹಿತ್ತಲಲ್ಲಿ ಕುಂತು ಕಂಡ್ರು, ಈಗ ಮಟ್ಟಿ ಯಾರದು ಯೋಳ್ರಪ್ಪಾ ಅಂದೆ. ಕುಳ್ಳಯ್ಯ ಉಣ್ಣಾಕೆ ಓದ.

ಶಿವರಾತ್ರಿಗೆ ಮುಂಚೆ ಎಲ್ಲಾರೂ ಬನ್ನಿ. ಕರಿಯಯ್ಯ, ನೀನೂ ಬಾರ್ಲಾ, ಬಾಗಿಲಲ್ಲಿ ನಿಂತ್ಕೊಂಡು ನೋಡೀವಂತೆ. ಗಂಟನ್ನ ನಿಮ್ಮವ್ವನ ಅರಿಶಿನದ ಬಟ್ಟಲ ಪಕ್ಕ ಮಡಗಿದ್ದೀನಿ.

ನಿಮ್ಮಪ್ಪ,
ಕೆಂಪಣ್ಣ (ಹೆಬ್ಬೆಟ್ಟು)